ಕಾಸರಗೋಡಿನ ಕಡೆ ಕಾಡುಹಂದಿ, ಕೋವಿ ಮತ್ತು ಇಲಿಜ್ವರ

ಕಾಡುಹಂದಿ ಹೊಡೆಯುವ ಊರುಗಳಲ್ಲಿ ಅದರಿಂದ ಮನುಷ್ಯರಿಗೆ ಕಾಯಿಲೆ ಬರುತ್ತದಾ ಎಂದು ಕೇಳಿದ್ದೀರಿ. ಬರುತ್ತದೆ. ಹೊರಗಿನವರು ಈ ವಿಷಯ ತೆಗೆದರೆ ಮೊದಲು ಕೇಳುವುದು ಮಾಂಸದ ಬಗ್ಗೆ. ನನಗೆ ಅದಕ್ಕಿಂತ ಜಾಸ್ತಿ ಭಯ ಇರುವುದು ಹಂದಿ ಹೊರಳಾಡಿ ಹೋದ ತೋಡಿನ (ಸಣ್ಣ ಹಳ್ಳದ) ನೀರಿನ ಬಗ್ಗೆ, ಸತ್ತ ಹಂದಿಯನ್ನು ಬರಿಗೈಯಲ್ಲಿ ಎಳೆದು ಹೂಳುವವರ ಬಗ್ಗೆ.

ಮೊದಲು ನಮ್ಮ ಜಾಗ ಹೇಗಿದೆ ಎಂದು ಹೇಳುತ್ತೇನೆ. ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ, ಪೈವಳಿಕೆ, ಈ ಕಡೆಯೆಲ್ಲ ಕೇರಳದ ಪಂಚಾಯತಿಗಳೇ. ಆದರೆ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಇಳಿಜಾರಿನ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ತೋಟದ ನಡುವೆ ತೋಡು. ಹಿಂದೆ ಗದ್ದೆ ಇದ್ದ ಎಷ್ಟೋ ಕಡೆ ಈಗ ಪೊದೆ ಬೆಳೆದಿದೆ, ಹಂದಿಗೆ ಅಡಗಲು ಅಷ್ಟು ಸಾಕು. ರಾತ್ರಿ ಇಳಿದು ಬಂದರೆ ಮರಗೆಣಸು, ಬಾಳೆಯ ಬುಡ, ಎರೆಹುಳು ಹುಡುಕುತ್ತಾ ಹೊಸ ಅಡಿಕೆ ಸಸಿಗಳನ್ನೂ ನೀರಿನ ಪೈಪುಗಳನ್ನೂ ಸೇರಿಸಿ ಅಗೆದು ಹಾಕುತ್ತದೆ. ಒಂದು ವರ್ಷದ ಸಸಿ ಹೋದರೆ ಒಂದು ವರ್ಷ ಹೋಯಿತು ಎಂದೇ ಲೆಕ್ಕ.

ಹಾಗಾಗಿ ಹಂದಿ ಹೊಡೆಯುವುದು ಇಲ್ಲಿ ಯಾರಿಗೂ ಮೋಜಿನ ಬೇಟೆ ಅಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತಿ ಅಧ್ಯಕ್ಷರಿಗೇ ಆ ಅಧಿಕಾರ ಕೊಟ್ಟಿತು. ಉಪದ್ರ ಕೊಡುವ ಹಂದಿಯನ್ನು ಲೈಸೆನ್ಸ್ ಕೋವಿ ಇರುವವರಿಂದ ಹೊಡೆಸಬಹುದು. ವಿಷ ಇಡಬಾರದು, ಕರೆಂಟ್ ಕೊಡಬಾರದು, ಸಿಡಿಮದ್ದು ಇಡಬಾರದು. ಹೊಡೆದ ಮೇಲೆ ಸರಿಯಾಗಿ ಹೂಳಬೇಕು, ಮಾಂಸ ತೆಗೆಯುವ ಹಾಗಿಲ್ಲ. ಗಡಿ ದಾಟಿ ಸುಳ್ಯ, ಪುತ್ತೂರಿನ ಕಡೆ ಹೋದರೆ ಹಂದಿ ಅದೇ, ನಿಯಮ ಬೇರೆ. ಹಂದಿಗೆ ಚೆಕ್‌ಪೋಸ್ಟ್ ಇಲ್ಲವಲ್ಲ.

ಹೂಳುವ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ಕೊರತೆ ಇದೆ. ಸ್ಪೇನಿನಲ್ಲಿ ಬೇಟೆಯಾಡಿದ ಕಾಡುಹಂದಿಯನ್ನು ತಿನ್ನುವುದು ಕಾನೂನುಬದ್ಧ. ಹಾಗಾಗಿ ಅಲ್ಲಿ ಪಶುವೈದ್ಯರು ಅದನ್ನು ಪರೀಕ್ಷೆ ಮಾಡುತ್ತಾರೆ, ದವಡೆಯ ಹತ್ತಿರದ ಗ್ರಂಥಿಗಳನ್ನು ಕೊಯ್ದು ನೋಡುತ್ತಾರೆ, ಕಾಡುಹಂದಿಗಳಲ್ಲಿ ದನಗಳ ಕ್ಷಯ ಎಷ್ಟು ಹರಡಿದೆ ಎಂದು ಅಲ್ಲಿಗೆ ಗೊತ್ತಾಗುತ್ತದೆ. ಜರ್ಮನಿಯ ಬರ್ಲಿನ್ ನಗರದ ಸುತ್ತ ಹೊಡೆದ ಹಂದಿಗಳ ರಕ್ತ ನೋಡಿದಾಗ ನೂರರಲ್ಲಿ ಸುಮಾರು 18ಕ್ಕೆ ಇಲಿಜ್ವರದ ಬ್ಯಾಕ್ಟೀರಿಯಾ ತಗಲಿದ ಗುರುತು ಸಿಕ್ಕಿತ್ತು. ನಮ್ಮಲ್ಲಿ ಹೊಡೆದ ಹಂದಿ ಸೀದಾ ಗುಂಡಿಗೆ ಹೋಗುತ್ತದೆ. ಅದರ ಮೈಯಲ್ಲಿ ಏನಿತ್ತು ಎನ್ನುವುದೂ ಅದರ ಜೊತೆಗೇ ಮಣ್ಣಾಗುತ್ತದೆ. ಇನ್ನು ಕದ್ದು ಹೊಡೆದು ಕದ್ದು ಹಂಚಿದ ಮಾಂಸ ಇದ್ದರೆ ಅದನ್ನು ಪರೀಕ್ಷೆಗೆ ಯಾರು ತರುತ್ತಾರೆ? ಆಮೇಲೆ ಜ್ವರ ಬಂದರೂ ಕೇಸ್ ಆಗುತ್ತದೆ ಎಂಬ ಹೆದರಿಕೆಗೆ ಬಾಯಿ ಬಿಡುವುದಿಲ್ಲ.

ಇಲಿಜ್ವರ ಎಂದೆನಲ್ಲ, ಹೆಸರು ಕೇಳಿ ಇಲಿ ಮಾತ್ರ ಕಾರಣ ಎಂದುಕೊಳ್ಳಬೇಡಿ. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ದನ, ನಾಯಿ, ಹಂದಿ ಎಲ್ಲದರ ಮೂತ್ರಪಿಂಡದಲ್ಲೂ ಇರಬಹುದು. ಪ್ರಾಣಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಮೂತ್ರದಲ್ಲಿ ಅದು ಹೊರಗೆ ಬರುತ್ತಲೇ ಇರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಈಗ ನಮ್ಮ ತೋಟ ನೆನಪು ಮಾಡಿಕೊಳ್ಳಿ. ರಾತ್ರಿ ಹಂದಿ ತೋಡಿನ ಕೆಸರಿನಲ್ಲಿ ಹೊರಳಾಡಿ ಹೋಗಿದೆ, ಬೆಳಿಗ್ಗೆ ಅದೇ ತೋಡಿಗೆ ಕೆಲಸದವರು ಬರಿಗಾಲಿನಲ್ಲಿ ಇಳಿಯುತ್ತಾರೆ, ಮಳೆಗಾಲದಲ್ಲಿ ನೆನೆದು ನೆನೆದು ಕಾಲ್ಬೆರಳಿನ ಸಂದು ಒಡೆದಿರುತ್ತದೆ, ಅಷ್ಟು ಬಿರುಕು ಸಾಕು ಅದು ಒಳಗೆ ಹೋಗಲು. ಹಂದಿಯ ಹೊಟ್ಟೆ ಕೊಯ್ಯುವವನಿಗಂತೂ ಇನ್ನೂ ಹತ್ತಿರದ ದಾರಿ. ಕತ್ತಿ ತಾಗಿದ ಗಾಯ, ಕೈಗೆ ಹತ್ತಿದ ಮೂತ್ರ, ಅದೇ ಕೈಯಿಂದ ಕಣ್ಣು ಉಜ್ಜಿಕೊಳ್ಳುವುದು.

ಜ್ವರ ಮರುದಿನವೇ ಬರುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರ ಕಳೆದು ಬರುತ್ತದೆ. ಅಷ್ಟರಲ್ಲಿ ಹಂದಿಯ ವಿಷಯ ಮರೆತೇ ಹೋಗಿರುತ್ತದೆ. ತಲೆನೋವು, ಮೈಕೈ ನೋವು, ಮೀನಖಂಡ ಮುಟ್ಟಿದರೆ ಸಾಕು ನೋವು, ಕಣ್ಣು ಕೆಂಪು. ಹಲವರಿಗೆ ಅಲ್ಲಿಗೇ ಇಳಿಯುತ್ತದೆ, ಕೆಲವರಿಗೆ ಕಾಮಾಲೆ ಹಿಡಿದು ಕಿಡ್ನಿ ಕೈಕೊಡುತ್ತದೆ. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್ ಸಾಕಾಗುವ ಕಾಯಿಲೆ ಇದು. ಅದಕ್ಕೇ ನನಗೆ ಸಂಕಟ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತದೆ, ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಹೇಳುತ್ತಾರೆ. ಹಂದಿ ಹೂಳುವ ಕೆಲಸಕ್ಕೆ ಹೋಗುವವರು ನಾವೂ ಆ ಗುಂಪಿನವರೇ ಎಂದು ತಿಳಿದುಕೊಂಡು ಅವರ ಹತ್ತಿರ ಕೇಳಬೇಕು. ಬಸುರಿಯರು, ಚಿಕ್ಕ ಮಕ್ಕಳು ಮಾತ್ರ ಡಾಕ್ಟರನ್ನು ಕೇಳದೆ ಅದನ್ನು ನುಂಗಬಾರದು.

ಗುಂಡು ಬಿದ್ದ ಹಂದಿ ಬೇರೆ, ಸುಮ್ನೆ ಸತ್ತು ಬಿದ್ದ ಹಂದಿ ಬೇರೆ. ಇದನ್ನು ಒತ್ತಿ ಹೇಳುತ್ತೇನೆ. 2022ರ ಜೂನ್ ಕೊನೆಗೆ ತ್ರಿಶೂರು ಜಿಲ್ಲೆಯ ಅತಿರಪ್ಪಿಳ್ಳಿಯ ಕಾಡಿನ ಕಡೆ ಹಂದಿಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಆಂಥ್ರಾಕ್ಸ್ ಎಂದು ಗೊತ್ತಾಯಿತು. ದನಗಳಿಗೆ ಬರುವ ನೆರಡಿ ರೋಗ ಅಂತಾರಲ್ಲ, ಅದೇ. ಹೆಣ ಹೂಳಲು ಹೋದವರಿಗೆಲ್ಲ ಮುಂಜಾಗ್ರತೆಯ ಔಷಧಿ ಕೊಟ್ಟು ನಿಗಾ ಇಟ್ಟರು. ಈ ಬ್ಯಾಕ್ಟೀರಿಯಾ ಗಾಳಿ ತಾಗಿದ ಕೂಡಲೇ ಗಟ್ಟಿ ಬೀಜದ ರೂಪಕ್ಕೆ ತಿರುಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಅದಕ್ಕೇ ಸತ್ತ ಹಂದಿಯನ್ನು ಕೊಯ್ಯಲೇಬಾರದು. ಮೂಗಿನಲ್ಲೋ ಹಿಂದಿನಿಂದಲೋ ರಕ್ತ ಹರಿದಿದ್ದರೆ ಹತ್ತಿರವೂ ಹೋಗಬೇಡಿ, ಅರಣ್ಯದವರಿಗೂ ದನದ ಡಾಕ್ಟರಿಗೂ ಫೋನ್ ಮಾಡಿ. ಮುಟ್ಟಿದ ಕೈಯಲ್ಲಿ ಕೆಲವು ದಿನದ ಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಕಂಡರೆ ಮುಲಾಮು ಹಚ್ಚಿ ಕೂರುವುದಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅದೇ ವರ್ಷ ಜುಲೈಯಲ್ಲಿ ವಯನಾಡಿನಲ್ಲಿ ಬಂದ ಆಫ್ರಿಕನ್ ಹಂದಿಜ್ವರ ಇದಲ್ಲ. ಅದು ವೈರಸ್, ಹಂದಿಗಳನ್ನು ಕೊಲ್ಲುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಪೇಪರಿನಲ್ಲಿ ಎರಡೂ ಒಟ್ಟೊಟ್ಟಿಗೆ ಬಂದು ಜನರಿಗೆ ಗೊಂದಲ ಆಯಿತು. ಒಂದರಿಂದ ಮನುಷ್ಯರಿಗೆ ತೊಂದರೆ ಇಲ್ಲ ಎಂದು ಕೇಳಿದವರು ಇನ್ನೊಂದಕ್ಕೂ ಹಾಗೇ ಅಂದುಕೊಂಡರು.

ಇನ್ನು ಗಡಿಯ ತಾಪತ್ರಯ. ನಮಗೆ ಜೋರು ಜ್ವರ ಬಂದರೆ ಓಡುವುದು ಮಂಗಳೂರಿಗೆ. 2020ರಲ್ಲಿ ಕೊರೋನಾ ಸಮಯದಲ್ಲಿ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ನಮಗೆ ಎಷ್ಟು ಬೇಕು ಎಂದು ಇಡೀ ದೇಶ ನೋಡಿತು. ಹಂದಿ ಸತ್ತದ್ದು ಕೇರಳದಲ್ಲಿ, ಜ್ವರದ ಚೀಟಿ ಬರೆಯುವುದು ಕರ್ನಾಟಕದಲ್ಲಿ. ನಮ್ಮ ಪಂಚಾಯತಿಯಲ್ಲಿ ಕಳೆದ ವಾರ ಹಂದಿ ಹೂತದ್ದು ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಮಳೆಗಾಲ ಅಂದರೆ ಮೊದಲು ಡೆಂಗಿ, ಮಲೇರಿಯಾ ನೋಡುತ್ತಾರೆ, ಅದು ತಪ್ಪೇನೂ ಅಲ್ಲ. "ಡಾಕ್ಟ್ರೇ, ನಾನು ಹಂದಿ ಮುಟ್ಟಿದ್ದೆ, ತೋಡಿಗೆ ಇಳಿದಿದ್ದೆ" ಎಂದು ನಾವೇ ಹೇಳಬೇಕು. ಡಾಕ್ಟರಿಗೆ ಬೇಕಾದದ್ದು ಕಾಯಿಲೆಯ ದಾರಿ, ಯಾರು ಹೊಡೆದರು ಎಂಬುದಲ್ಲ.

ಎಚ್ಚರಿಕೆಯ ನೋಟೀಸುಗಳೂ ಎಷ್ಟೋ ಸಲ ಮಲಯಾಳದಲ್ಲಿ ಮಾತ್ರ ಬರುತ್ತವೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರು, ತೋಟಕ್ಕೆ ಇಳಿಯುವವರೂ ಅವರೇ, ಅದನ್ನು ಓದಲಾರರು. ಇದು ಭಾಷೆಯ ಅಭಿಮಾನದ ಜಗಳ ಅಲ್ಲ, ಬದುಕುವ ಪ್ರಶ್ನೆ.

ನನ್ನನ್ನು ಕೇಳಿದರೆ, ಹೂಳುವ ಮೊದಲು ಗುಂಡು ಹೊಡೆದ ಪ್ರತಿ ಹಂದಿಯಿಂದ ಸ್ವಲ್ಪ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. ಕೋವಿಯವರಿಗೆ ಅನುಮತಿ ಚೀಟಿ ಕೊಡುವಾಗಲೇ ಗಂಬೂಟು, ದಪ್ಪ ಗ್ಲೌಸು ಕೊಡಬೇಕು. ಗುಂಡಿ ಬಾವಿಯಿಂದಲೂ ಸುರಂಗದಿಂದಲೂ ದೂರ ಇರಬೇಕು, ಯಾಕೆಂದರೆ ಗುಡ್ಡ ಕೊರೆದು ಮಾಡಿದ ಆ ಸುರಂಗದ ನೀರನ್ನೇ ನಾವು ಎಷ್ಟೋ ಮನೆಯವರು ಕುಡಿಯುವುದು. ನಾಯಿಗಳಿಗೆ ಹಂದಿಯ ಕರುಳು ಎಸೆಯುವುದು ನಿಲ್ಲಬೇಕು. ನಾಯಿಗೂ ಇಲಿಜ್ವರ ಬರುತ್ತದೆ, ಅದಕ್ಕೆ ಲಸಿಕೆಯೂ ಇದೆ, ರೇಬಿಸ್ ಚುಚ್ಚುಮದ್ದಿಗೆ ಕರಕೊಂಡು ಹೋದಾಗ ಅದನ್ನೂ ಕೇಳಿ ಹಾಕಿಸಿಕೊಳ್ಳಬಹುದು.