ಪಕ್ಕದ ತೋಟದ ಪಂಪ್ ಕೇಳಬಹುದಾ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಐದು ಎಕರೆ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಒಂದು ಎಕರೆ ಗದ್ದೆ. ಯಜಮಾನರು ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ, ತೋಟವನ್ನು ಇವರೇ ನೋಡಿಕೊಳ್ಳುತ್ತಾರೆ. ಪಕ್ಕದ ತೋಟದವರ ಹತ್ತಿರ ಕಳೆ ಹೊಡೆಯುವ ಮೆಷಿನ್, ಸ್ಪ್ರಿಂಕ್ಲರ್ ಪಂಪ್‌ಸೆಟ್, ಔಷಧಿ ಹೊಡೆಯುವ ಸ್ಪ್ರೇಯರ್, ಅಲ್ಯೂಮಿನಿಯಂ ಏಣಿ ಎಲ್ಲವೂ ಇದೆ. “ಬೇಕಾದಾಗ ತಗೊಂಡು ಹೋಗಿ” ಎಂದು ಅವರೇ ಹೇಳಿದ್ದಾರೆ. ಅತ್ತೆಯವರಿಗೆ ಇಷ್ಟವಿಲ್ಲ, ಯಾರ ಋಣವೂ ಬೇಡ ಅನ್ನುತ್ತಾರೆ. ಮಗ ಸಾಲ ಮಾಡಿ ಎಲ್ಲವನ್ನೂ ಕೊಂಡುಬಿಡೋಣ ಅನ್ನುತ್ತಾನೆ. “ನಾನು ಯಾರ ಮಾತು ಕೇಳಲಿ? ತಂದದ್ದು ಹಾಳಾದರೆ ಯಾರ ತಲೆಗೆ?” ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ನೀವು ಬರೆದ ನಾಲ್ಕು ಸಾಮಾನಿಗೂ ಒಂದೇ ಉತ್ತರ ಇಲ್ಲ. ಒಂದನ್ನು ಧಾರಾಳವಾಗಿ ತರಬಹುದು, ಒಂದನ್ನು ದಿನ ನೋಡಿ ಕೇಳಬೇಕು, ಇನ್ನೆರಡನ್ನು ತರದಿದ್ದರೇ ಒಳ್ಳೆಯದು. ಸಾಮಾನು ಯಾರದ್ದು ಅನ್ನುವುದಕ್ಕಿಂತ ಅವರಿಗೆ ಅದು ಯಾವ ವಾರ ಬೇಕು ಅನ್ನುವುದೇ ಇಲ್ಲಿ ಮುಖ್ಯ.

ಅತ್ತೆಯವರ ಅಳುಕು ಸುಮ್ನೆ ಅಲ್ಲ. ನಾಟಿ ಸಮಯದಲ್ಲಿ ಈ ಮನೆಯವರು ಆ ಗದ್ದೆಗೆ, ಆ ಮನೆಯವರು ಈ ಗದ್ದೆಗೆ ಮುಯ್ಯಾಳಾಗಿ ಹೋಗುತ್ತಿದ್ದ ಕಾಲವನ್ನು ಅವರು ನೋಡಿರುತ್ತಾರೆ. ಅಲ್ಲಿ ಲೆಕ್ಕ ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು. ಎರಡು ಆಳು ಬಂದರೆ ಎರಡು ಆಳು ಹೋಗಬೇಕು, ಅಷ್ಟೇ. ಮೆಷಿನ್‌ಗೆ ಅಂಥ ಲೆಕ್ಕ ಇಲ್ಲ. ಅದು ಒಳಗೊಳಗೇ ಸವೆಯುತ್ತದೆ, ಇಬ್ಬರಿಗೂ ಕಾಣುವುದಿಲ್ಲ. ಆದ್ದರಿಂದ ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. “ಛೆ, ದುಡ್ಡೆಲ್ಲ ಯಾಕೆ” ಅನ್ನುತ್ತಾರೆ, ಗೊತ್ತು. ಹಾಗಂದರೆ ಸರ್ವೀಸ್ ಖರ್ಚಿನಲ್ಲಿ ಪಾಲು ಕೊಡಿ, ಇಲ್ಲವೇ ಅವರ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ, ನಿಮ್ಮ ಆಳುಗಳನ್ನು ಕಳಿಸಿ.

ಕಳೆ ಮೆಷಿನ್ ತನ್ನಿ. ಕಳೆ ಒಂದು ವಾರ ಮೊದಲು ಹೊಡೆದರೂ ಆಗುತ್ತದೆ, ಒಂದು ವಾರ ಬಿಟ್ಟು ಹೊಡೆದರೂ ಆಗುತ್ತದೆ. ಅವರದ್ದು ಮುಗಿದ ಮೇಲೆ ನಿಮ್ಮದು. ತರುವಾಗ ಒಂದು ಮಾತು ಕೇಳಿಕೊಳ್ಳಿ: ಇದು ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಟೂ ಸ್ಟ್ರೋಕ್ ಮೆಷಿನ್‌ಗೆ ಪೆಟ್ರೋಲ್ ಜೊತೆ ಟೂಟಿ ಆಯಿಲ್ ಬೆರೆಸಲೇಬೇಕು. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಜಾಮ್ ಆಗುತ್ತದೆ. ಎರವಲು ಮೆಷಿನ್ ಕೆಡುವುದು ಹೆಚ್ಚಾಗಿ ಹೀಗೇ. ಲೀಟರಿಗೆ ಎಷ್ಟು ಆಯಿಲ್ ಅಂತ ಅವರಿಂದಲೇ ಕೇಳಿ, ಕ್ಯಾನ್ ಮೇಲೆ ಬರೆದಿಡಿ. ಓಡಿಸುವವರಿಗೆ ಕನ್ನಡಕ, ಬೂಟು ಇರಲಿ. ಬ್ಲೇಡಿನ ಗಾರ್ಡ್ ಬಿಚ್ಚಲು ಬಿಡಬೇಡಿ, ಕಲ್ಲು ಸಿಡಿದರೆ ಕಣ್ಣಿಗೇ ಬರುತ್ತದೆ. ಕಾಫಿ ಗಿಡದ ಬುಡದ ಸುತ್ತ ಮಾತ್ರ ಕತ್ತಿಯಲ್ಲೇ ಮಾಡಿಸಿ.

ಪಂಪ್‌ಸೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ರೊಬಸ್ಟಾಕ್ಕೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಅದಾಗಿ 15-20 ದಿನಕ್ಕೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು. ಮೊದಲನೆಯದು ಅರೆಬರೆಯಾದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಬ್ಯಾಕಿಂಗ್ ತಪ್ಪಿದರೆ ಕಚ್ಚಿದ ಕಾಯಿ ಉಳಿಯುವುದಿಲ್ಲ. ಇಡೀ ವರ್ಷದ ಫಸಲು ಈ ಕೆಲವು ದಿನಗಳ ಮೇಲೆ ನಿಂತಿದೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪಕ್ಕದವರಿಗೂ ಅದೇ ದಿನಗಳು, ಅಲ್ವಾ? ಎಷ್ಟೇ ಒಳ್ಳೆಯವರಾದರೂ ಆ ವಾರ ತಮ್ಮ ತೋಟ ಬಿಟ್ಟು ನಿಮಗೆ ಪಂಪ್ ಕೊಡುವುದಿಲ್ಲ. ಕೊಡಬೇಕೆಂದು ನೀವೂ ಬಯಸಬಾರದು.

ಹಾಗಂತ ದಾರಿ ಇಲ್ಲವೆಂದಲ್ಲ. ಅವರ ಹೂವಿನ ನೀರಿಗೂ ಬ್ಯಾಕಿಂಗ್‌ಗೂ ನಡುವೆ ಸುಮಾರು ಎರಡು ವಾರ ಇರುತ್ತದೆ. ಅವರದು ಹತ್ತು-ಹದಿನೈದು ಎಕರೆಯಾಗಿದ್ದರೆ ಆ ಬಿಡುವಿನಲ್ಲಿ ನಿಮ್ಮ ಐದು ಎಕರೆ ಮುಗಿಸಬಹುದು. ನಿಮ್ಮ ಬ್ಯಾಕಿಂಗ್ ಕೂಡ ತಾನಾಗಿಯೇ ಅವರ ಬ್ಯಾಕಿಂಗ್ ಹಿಂದೆಯೇ ಬೀಳುತ್ತದೆ. ದೊಡ್ಡ ತೋಟವಾದರೆ ಒಂದು ತುದಿ ಮುಗಿಯುವ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಬ್ಯಾಕಿಂಗ್ ಶುರುವಾಗಿರುತ್ತದೆ. ಆಗ ಅವರ ಪಂಪ್‌ಗೆ ಬಿಡುವೇ ಇಲ್ಲ. ಅವರಿಗೆ ಎಷ್ಟು ಎಕರೆ ಎಂದು ನೀವು ಬರೆದಿಲ್ಲ. ಅದನ್ನು ನೋಡಿಯೇ ಕೇಳಬೇಕೋ ಬೇಡವೋ ತೀರ್ಮಾನಿಸಿ.

ನೀರಿನ ಲೆಕ್ಕವನ್ನೂ ಹಾಕಿ. ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು 1 ಲಕ್ಷ ಲೀಟರ್. ಐದು ಎಕರೆಗೆ ಒಂದೂವರೆ ಇಂಚು ಅಂದರೆ ಏಳೂವರೆ ಲಕ್ಷ. ಆಮೇಲೆ ಬ್ಯಾಕಿಂಗ್. ನಿಮ್ಮ ಕೆರೆಯಲ್ಲಿ ಮಾರ್ಚ್ ಹೊತ್ತಿಗೆ ಅಷ್ಟು ಉಳಿಯುತ್ತದಾ? ಉಳಿಯದಿದ್ದರೆ ಪಂಪ್ ತಂದು ಮಾಡುವುದೇನು? ಎಷ್ಟು ಎಕರೆಗೆ ಎರಡೂ ಸಲ ಪೂರ್ತಿ ಕೊಡಲು ಆಗುತ್ತದೋ ಅಷ್ಟಕ್ಕೇ ಕೊಡಿ. ಐದಕ್ಕೂ ಚಿಮುಕಿಸಿದರೆ ಐದೂ ಹೋಗುತ್ತದೆ.

ತರುವುದಾದರೆ ಪಂಪ್ ಜೊತೆ ಅದನ್ನು ಓಡಿಸುವ ಅವರ ಆಳನ್ನೂ ಕರೆತನ್ನಿ, ಕೂಲಿ ನೀವೇ ಕೊಡಿ. ಪೈಪು, ಜೆಟ್, ಕಪ್ಲರ್ ಎಲ್ಲವನ್ನೂ ತರುವಾಗ ಎಣಿಸಿ, ಒಯ್ಯುವಾಗ ಎಣಿಸಿ. ರಬ್ಬರ್ ವಾಷರ್ ನಾಲ್ಕೈದು ಹೊಸದು ತಂದಿಟ್ಟುಕೊಳ್ಳಿ. ಜಗಳ ಶುರುವಾಗುವುದು ಎಂಜಿನ್‌ನಿಂದ ಅಲ್ಲ, ಕಳೆದುಹೋದ ವಾಷರ್‌ನಿಂದ.

ಸ್ಪ್ರೇಯರ್ ಬೇಡ. ಅದರಲ್ಲಿ ಕಳೆನಾಶಕ ಹೊಡೆದಿದ್ದರೆ ಎಷ್ಟು ತೊಳೆದರೂ ಹೋಸ್‌ನಲ್ಲಿ, ನಾಜಲ್‌ನಲ್ಲಿ ಒಂದಿಷ್ಟು ಉಳಿದಿರಬಹುದು. ಅದೇ ಸ್ಪ್ರೇಯರ್‌ನಲ್ಲಿ ನೀವು ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದರೆ ಎಲೆ ಸುಟ್ಟು ಮುದುಡುತ್ತದೆ. ಆಗ ನೀವು ಅವರನ್ನು ಅನ್ನಬೇಕು, ಅವರು ನಿಮ್ಮನ್ನು ಅನ್ನಬೇಕು. ಮಗನ ಮಾತು ಕೇಳುವ ಜಾಗ ಇದು. ಬೆನ್ನಿಗೆ ಹಾಕುವ ಸ್ಪ್ರೇಯರ್‌ಗೆ ಸಾಲ ಬೇಕಾಗುವುದಿಲ್ಲ. ಒಂದು ಕೊಳ್ಳಿ, ಅದರಲ್ಲಿ ಕಳೆನಾಶಕ ಎಂದೂ ಹಾಕಬೇಡಿ.

ಏಣಿಯಂತೂ ಖಂಡಿತ ಬೇಡ. ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಆಳುಗಳು ಸತ್ತ ಸುದ್ದಿಯನ್ನು ಕೊಡಗಿನವರು ಮತ್ತೆ ಮತ್ತೆ ಓದಿದ್ದೇವೆ. ಏಣಿ ಹಗುರ, ಉದ್ದ. ಒಂದು ಮರದಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಎತ್ತಿ ಹೋಗುತ್ತಾರೆ. ಕಣ್ಣು ಬುಡದ ಮೇಲಿರುತ್ತದೆ, ತಂತಿ ಮರದ ಎಲೆಯೊಳಗೆ ಇರುತ್ತದೆ. ಪಕ್ಕದವರ ಏಣಿ ಅವರ ತೋಟದ ಅಳತೆಗೆ ತಂದದ್ದು. ನಿಮ್ಮ ತೋಟದಲ್ಲಿ ಲೈನ್ ಎಷ್ಟು ಕೆಳಗೆ ಜೋತಿದೆಯೋ ಯಾರು ನೋಡಿದ್ದಾರೆ? ಒಣಗಿದ ಬಿದಿರಿನ ಏಣಿ ಅಥವಾ ಫೈಬರ್ ಏಣಿ ಮಾಡಿಕೊಳ್ಳಿ. ಬಿದಿರು ಕೂಡ ಹಸಿಯಾಗಿದ್ದರೆ, ಒದ್ದೆಯಾಗಿದ್ದರೆ ಕರೆಂಟ್ ಹರಿಯುತ್ತದೆ, ಅದೂ ನೆನಪಿರಲಿ. ಯಾವ ಏಣಿಯಾದರೂ ಸಾಗಿಸುವಾಗ ಮಲಗಿಸಿ, ಇಬ್ಬರು ಹಿಡಿದು ಹೋಗಬೇಕು. ಲೈನ್ ಹತ್ತಿರದ ಮರಗಳನ್ನು ಬೇರೆ ದಿನಕ್ಕೆ ಇಟ್ಟು, ಸೆಸ್ಕ್ (ವಿದ್ಯುತ್ ಕಂಪನಿ) ಕಚೇರಿಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿಯೇ ಕೊಯ್ಯಿಸಿ. ಏಣಿ ಯಾರದ್ದಾದರೂ ಆಳು ನಿಮ್ಮವರು. ಏನಾದರೂ ಆದರೆ ಅವರ ಮನೆಯವರು ಬರುವುದು ನಿಮ್ಮ ಅಂಗಳಕ್ಕೇ.

ಹಾಳಾದರೆ ಯಾರ ತಲೆಗೆ ಎಂದು ಕೇಳಿದ್ದೀರಿ. 1872ರ ಕರಾರು ಕಾಯ್ದೆಯಲ್ಲಿ ಇದಕ್ಕೂ ಉತ್ತರ ಇದೆ. ಸಾಮಾನ್ಯ ವಿವೇಕ ಇರುವವರು ತಮ್ಮದೇ ಅಂಥ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾರೋ ಅಷ್ಟು ಜೋಪಾನ ಮಾಡಬೇಕು. ಮಾಡಿಯೂ ಕೆಟ್ಟರೆ, ಬೇರೆ ಮಾತು ಆಗಿಲ್ಲದಿದ್ದರೆ, ನೀವು ಹೊಣೆಯಲ್ಲ. ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿ ಕೆಟ್ಟರೆ ನೀವೇ ಹೊಣೆ. ಮೆಷಿನ್‌ನಲ್ಲಿ ತೊಂದರೆ ಇದೆಯೆಂದು ಗೊತ್ತಿದ್ದೂ ಹೇಳದೆ ಕೊಟ್ಟರೆ ಕೊಟ್ಟವರ ತಪ್ಪು. ಬಾಡಿಗೆಗೆ ಕೊಟ್ಟಿದ್ದರಂತೂ ಗೊತ್ತಿಲ್ಲದ ದೋಷಕ್ಕೂ ಅವರೇ ಹೊಣೆ. ಇದೆಲ್ಲ ಕೋರ್ಟಿಗೆ ಸರಿ. ಬೇಲಿಯ ಆಚೆ-ಈಚೆ ದಿನಾ ಮುಖ ನೋಡುವವರು ಸೆಕ್ಷನ್ ಹೇಳಿಕೊಂಡು ಬದುಕಲು ಆಗುವುದಿಲ್ಲ. ನಿಮ್ಮ ಕೈಯಲ್ಲಿದ್ದಾಗ ಕೆಟ್ಟರೆ ರಿಪೇರಿ ಮಾಡಿಸಿಯೇ ಹಿಂದಿರುಗಿಸಿ. ಹಳೆ ಮೆಷಿನ್ ಆಗಿದ್ದರೆ ಅರ್ಧ ಅವರೇ ಕೊಡುತ್ತೇನೆ ಅನ್ನಬಹುದು. ಅಂದರೆ ತೆಗೆದುಕೊಳ್ಳಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಕಾಫಿ ಕೊಯ್ಲಿನ ಚೀಲ, ಕಾಫಿ ಹರಡುವ ಟಾರ್ಪಾಲ್ ಎರವಲು ತರಬೇಡಿ. ಭಾರತದಲ್ಲಿ ಮೊದಲು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡ ಕಾಯಿಕೊರಕ ಹುಳು ತೋಟದಿಂದ ತೋಟಕ್ಕೆ ಹೋಗಲು ಇಂಥ ಚೀಲಗಳೂ ಸಾಕು. ಪಕ್ಕದವರ ಮೆಣಸಿಗೆ ಸೊರಗು ರೋಗ ಇದ್ದರೆ ಗುದ್ದಲಿ, ಬೂಟು ಕೂಡ ಬೇಡ, ರೋಗ ಮಣ್ಣಿನ ಜೊತೆಗೇ ಬರುತ್ತದೆ.

ಗದ್ದೆ ಉಳುವ ಟಿಲ್ಲರ್‌ಗೆ ಪಕ್ಕದವರನ್ನು ಕೇಳುವ ಅಗತ್ಯವೇ ಬೀಳದಿರಬಹುದು. ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಬಾಡಿಗೆಗೆ ಸಿಗುತ್ತದೆ. ನಾಟಿ ಹೊತ್ತಿಗೆ ಎಲ್ಲರೂ ಮುಗಿಬೀಳುತ್ತಾರೆ, ಮೊದಲೇ ಹೆಸರು ಬರೆಸಿ. ಕಾಫಿ ತೋಟಕ್ಕೆ ಬೇಕಾದ ಸಾಮಾನೂ ಅಲ್ಲಿ ಸಿಗುತ್ತದೆಂದು ಮಾತ್ರ ನಂಬಿ ಹೋಗಬೇಡಿ, ಫೋನ್ ಮಾಡಿ ಕೇಳಿ. ಮಗನಿಗೆ ಕೊಳ್ಳುವ ಆಸೆ ಜಾಸ್ತಿ ಇದ್ದರೆ ಸಾಲಕ್ಕೆ ಮೊದಲು ಕಾಫಿ ಮಂಡಳಿಯ ಕಚೇರಿಗೆ ಕಳಿಸಿ, ಈ ವರ್ಷ ಯಾವ ಯಂತ್ರಕ್ಕೆ ಸಹಾಯಧನ ಇದೆ ಎಂದು ಕೇಳಿಕೊಂಡು ಬರಲಿ.

ಕಳೆ ಮೆಷಿನ್‌ನ್ನು ಮಾತ್ರ ಕೈಲ್ ಮುಹೂರ್ತಕ್ಕೆ, ಕೊಡವರ ಆಯುಧ ಪೂಜೆಯ ಹಬ್ಬಕ್ಕೆ, ಮೊದಲೇ ತೊಳೆದು ಅವರ ಮನೆಗೆ ಮುಟ್ಟಿಸಿ. ಆಯುಧದ ಜೊತೆ ಅದಕ್ಕೂ ಹೂ ಇಟ್ಟು ಪೂಜೆ ಮಾಡುವ ಮನೆಗಳಿವೆ. ಆ ದಿನ ಅದು ನಿಮ್ಮ ಶೆಡ್‌ನಲ್ಲಿ ಇದ್ದರೆ ಚೆನ್ನಾಗಿರುವುದಿಲ್ಲ. ಪಂಪ್ ಬಗ್ಗೆ ಜನವರಿಯಲ್ಲೇ, ಕೊಯ್ಲಿನ ಗಡಿಬಿಡಿಯ ನಡುವೆಯಾದರೂ ಸರಿ, ಅವರ ಮನೆಗೆ ಹೋಗಿ ಯಾವ ದಿನ ಬಿಡುವಿದೆ ಎಂದು ಕೇಳಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.