ರ‍್ಯಾಂಪ್ ಮೇಲೆ ನಡೆಯುವ ಹೆಣ್ಣಿಗೆ ಬಾಣಂತಿಯರ ಚಿಂತೆ ಯಾಕೆ?

ಹೋದ ಸಂಚಿಕೆಯಲ್ಲಿ ಇಥಿಯೋಪಿಯಾದ ಮಾಡೆಲ್ ಲಿಯಾ ಕೆಬೆಡೆ ಬಗ್ಗೆ ಬರೆದಿದ್ದೆ. 1978ರಲ್ಲಿ ಅಡಿಸ್ ಅಬಾಬಾದಲ್ಲಿ ಹುಟ್ಟಿ, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಹೆಸರು ಮಾಡಿ, ಹೆರಿಗೆಯಲ್ಲಿ ಸಾಯುವ ತಾಯಂದಿರ ಪರವಾಗಿ ದನಿ ಎತ್ತಿದ ಹೆಣ್ಣುಮಗಳು. ಪತ್ರಗಳು ಸುಮಾರು ಬಂದಿವೆ. ಜಾಸ್ತಿ ಜನ ಕೇಳಿದ್ದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಮಾಡೆಲ್‌ಗಳು ಇಂಥ ಕೆಲಸಕ್ಕೆ ಬರುವುದು ಸುಮ್ನೆ ಪ್ರಚಾರಕ್ಕೆ ಅಲ್ವಾ?
– ಓದುಗರು, ಮೈಸೂರು

ಉತ್ತರ: ಕೆಲವರದ್ದು ಹಾಗೇ ಇರುತ್ತದೆ. ಆದರೆ ಲಿಯಾ ವಿಷಯದಲ್ಲಿ ಇಸವಿಗಳನ್ನು ಸ್ವಲ್ಪ ನೋಡಿ. 2000ದಲ್ಲಿ ವಸ್ತ್ರವಿನ್ಯಾಸಕ ಟಾಮ್ ಫೋರ್ಡ್ ಆಕೆಯನ್ನು ಗುಚಿ ಎಂಬ ದೊಡ್ಡ ಫ್ಯಾಷನ್ ಕಂಪನಿಯ ಷೋಗೆ ಆರಿಸಿದರು. 2002ರ ಮೇ ತಿಂಗಳ ಪ್ಯಾರಿಸ್ ವೋಗ್ ಫ್ಯಾಷನ್ ಪತ್ರಿಕೆಯ ಇಡೀ ಸಂಚಿಕೆಯೇ ಆಕೆಯದ್ದು. 2003ರಲ್ಲಿ ಎಸ್ಟೀ ಲಾಡರ್ ಎಂಬ ಸೌಂದರ್ಯವರ್ಧಕ ಕಂಪನಿ ತನ್ನ ಜಾಹೀರಾತಿಗೆ ಆಕೆಯನ್ನು ತೆಗೆದುಕೊಂಡಿತು, ಕಪ್ಪು ಹೆಣ್ಣೊಬ್ಬಳಿಗೆ ಅಲ್ಲಿ ಆ ಜಾಗ ಸಿಕ್ಕಿದ್ದು ಅದೇ ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ ರಾಯಭಾರಿಯಾಗಿದ್ದು, ತನ್ನದೇ ಪ್ರತಿಷ್ಠಾನ ಶುರು ಮಾಡಿದ್ದು ಎರಡೂ 2005ರಲ್ಲಿ. ಅಂದರೆ ಕೆಲಸ ಕಮ್ಮಿಯಾಗಿ ಬೇರೇನಾದರೂ ಮಾಡೋಣ ಅಂತ ಬಂದಿದ್ದಲ್ಲ, ಬೇಡಿಕೆ ಜೋರಾಗಿದ್ದಾಗಲೇ ಬಂದಿದ್ದು. ಫೋಟೊಗೆ ನಿಂತು ಹೋಗುವವರು ಇಷ್ಟು ವರ್ಷ ಒಂದೇ ವಿಷಯ ಹಿಡಿದುಕೊಂಡು ಕೂರುವುದಿಲ್ಲ.

ಪ್ರಶ್ನೆ: ಹಣ, ಹೆಸರು ಇದ್ದವರಿಗೆ ಹೆರಿಗೆಯ ಈ ಭಯ ಗೊತ್ತಾಗುತ್ತಾ?
– ಓದುಗಿ, ಪುತ್ತೂರು

ಉತ್ತರ: ಗೊತ್ತಾಗುತ್ತದೆ. ಅಮೆರಿಕದ ಮಾಡೆಲ್ ಕ್ರಿಸ್ಟಿ ಟರ್ಲಿಂಗ್ಟನ್‌ಗೆ 2003ರಲ್ಲಿ ಮೊದಲ ಹೆರಿಗೆಯಾದಾಗ ಮಾಸು ಸರಿಯಾಗಿ ಬೀಳದೆ ರಕ್ತ ಹೋಗತೊಡಗಿತು. ಪಕ್ಕದಲ್ಲೇ ತಿಳಿದವರಿದ್ದರು, ಉಳಿದಳು. ಆಕೆಯ ತಾಯಿ ಎಲ್ ಸಾಲ್ವಡಾರ್‌ನವರು. ಅಲ್ಲಿನ ಹಳ್ಳಿಯ ಹೆಂಗಸಿಗೆ ಇದೇ ಆಗಿದ್ದರೆ ಅನ್ನುವ ಯೋಚನೆ ಆಕೆಯನ್ನು ಬಿಡಲಿಲ್ಲ, 2010ರಲ್ಲಿ ತಾಯಂದಿರಿಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದಳು.

ಪ್ರಶ್ನೆ: ಇಷ್ಟೆಲ್ಲ ವೈದ್ಯಕೀಯ ಬೆಳೆದ ಮೇಲೂ ಆಫ್ರಿಕಾದಲ್ಲಿ ಬಾಣಂತಿಯರು ಯಾಕೆ ಸಾಯುತ್ತಿದ್ದಾರೆ?
– ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು ಕಣಮ್ಮ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ತೀರಿಕೊಂಡರು. ಅವರಲ್ಲಿ ನೂರಕ್ಕೆ 70ರಷ್ಟು ಸಹಾರಾದ ದಕ್ಷಿಣದ ಆಫ್ರಿಕಾದವರು. ಕಾರಣ ಯಾವುದೂ ಹೊಸದಲ್ಲ. ಹೆರಿಗೆಯ ನಂತರದ ರಕ್ತಸ್ರಾವ, ಬಿಪಿ ಏರಿ ಫಿಟ್ಸ್ ಬರುವುದು, ನಂಜು, ಮಗು ಅಡ್ಡ ಸಿಕ್ಕಿಕೊಳ್ಳುವುದು, ಸುರಕ್ಷಿತವಲ್ಲದ ಗರ್ಭಪಾತ. ಎಲ್ಲಕ್ಕೂ ಮದ್ದಿದೆ. ಅದು ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ, ಅಷ್ಟೇ. ಮನೆಯವರು ನಿರ್ಧಾರ ಮಾಡುವುದು ತಡ, ದಾರಿಯಲ್ಲಿ ತಡ, ಆಸ್ಪತ್ರೆಗೆ ಹೋದ ಮೇಲೂ ತಡ. ಇಥಿಯೋಪಿಯಾದ ಬೆಟ್ಟದ ಊರುಗಳಲ್ಲಿ ಬಸುರಿಯನ್ನು ಮರದ ಡೋಲಿಯಲ್ಲಿ ಮಲಗಿಸಿ ಗಂಡಸರು ಹೆಗಲ ಮೇಲೆ ಹೊತ್ತು ಇಳಿಸುತ್ತಾರೆ. ರಕ್ತ ಜೋರಾಗಿ ಹೋಗುತ್ತಿದ್ದರೆ ಗಟ್ಟಿಮುಟ್ಟಾದ ಹೆಂಗಸೂ ಒಂದೆರಡು ತಾಸಿನಲ್ಲಿ ಕೈಬಿಟ್ಟು ಹೋಗಬಹುದು. ಲೆಕ್ಕ ನೀವೇ ಹಾಕಿ.

ಹಾಗಂತ ಅಲ್ಲಿನವರು ಕೈಕಟ್ಟಿ ಕೂತಿಲ್ಲ, ಇದನ್ನು ನಮ್ಮ ಪತ್ರಿಕೆಗಳು ಬರೆಯುವುದೇ ಕಮ್ಮಿ. 2003ರಲ್ಲಿ ಶುರುವಾದ ಯೋಜನೆಯಲ್ಲಿ ಇಥಿಯೋಪಿಯಾ ಸರ್ಕಾರ ಹಳ್ಳಿಹಳ್ಳಿಯ ಹೆಣ್ಣುಮಕ್ಕಳಿಗೆ ಒಂದು ವರ್ಷ ತರಬೇತಿ ಕೊಟ್ಟು, ಸಂಬಳ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ನೇಮಿಸಿತು. 30 ಸಾವಿರಕ್ಕೂ ಜಾಸ್ತಿ ಜನ! ಆರೋಗ್ಯ ಕೇಂದ್ರದ ಪಕ್ಕದಲ್ಲೇ ಕಾಯುವ ಮನೆಗಳನ್ನು ಕಟ್ಟಿದರು. ದೂರದೂರಿನ ಬಸುರಿಯರು ಕೊನೆಯ ವಾರಗಳಲ್ಲಿ ಅಲ್ಲಿ ಬಂದು ಉಳಿಯುತ್ತಾರೆ, ಊರವರೇ ಧಾನ್ಯ ಕೊಡುತ್ತಾರೆ. ಮನೆಯಲ್ಲಿ ಹೆತ್ತರೆ ಸಿಗುವ ಗಂಜಿ, ಕಾಫಿ ಆಸ್ಪತ್ರೆಯಲ್ಲಿ ಸಿಗಲ್ಲ ಅಂತ ಹೆಂಗಸರು ಬರದೇ ಇದ್ದಾಗ, ಅಲ್ಲೇ ಒಲೆ ಹಚ್ಚಿ ಗಂಜಿ ಕಾಯಿಸಿ, ಕಾಫಿ ಬೀಜ ಹುರಿಯುವ ವ್ಯವಸ್ಥೆ ಮಾಡಿದರು. ನನಗೆ ತುಂಬಾ ಹಿಡಿಸಿದ್ದು ಇದು. ಅಲ್ಲಿನ ಸಮೀಕ್ಷೆಗಳ ಪ್ರಕಾರ 2000ದ ಹೊತ್ತಿಗೆ ಒಂದು ಲಕ್ಷ ಹೆರಿಗೆಗೆ 871 ತಾಯಂದಿರು ಸಾಯುತ್ತಿದ್ದರು, 2016ರ ಹೊತ್ತಿಗೆ ಅದು 412ಕ್ಕೆ ಇಳಿಯಿತು. ಆಮೇಲೆ ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಬಂತು, ಆ ಭಾಗದ ಆಸ್ಪತ್ರೆಗಳು ಹಾಳಾದವು.

ನೀವು ನರ್ಸಿಂಗ್ ಓದುವವರಾದ್ದರಿಂದ ಇನ್ನೊಂದು ಮಾತು. ರಕ್ತ ಎಷ್ಟು ಹೋಯಿತು ಅನ್ನುವುದನ್ನು ಕಣ್ಣಳತೆಯಲ್ಲೇ ಹೇಳುವ ರೂಢಿ ಇತ್ತು. ಬಟ್ಟೆಗೆ ಇಂಗಿದ್ದು ಯಾರಿಗೆ ಗೊತ್ತಾಗುತ್ತದೆ? ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ತಾಯಿಯ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಗರ್ಭಕೋಶ ನೀವುವುದು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೆ ಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ನೂರಕ್ಕೆ 60ರಷ್ಟು ಕಮ್ಮಿಯಾಯಿತು. ಒಂದು ಚೀಲ, ಎರಡು ಮೂರು ಮದ್ದು, ಗಾಬರಿಯಾಗದ ಒಬ್ಬಳು ನರ್ಸ್. ನಾಳೆ ಆ ಜಾಗದಲ್ಲಿ ನೀವಿರುತ್ತೀರಿ.

ಪ್ರಶ್ನೆ: ಅಕ್ಕಾರ, ಲಿಯಾ ಕೈಮಗ್ಗದ ಬಟ್ಟೆನೂ ಮಾರತಾಳ ಅಂತ ಬರೆದಿದ್ರಿ. ನಮ್ಮಂಥ ನೇಕಾರರಿಗೆ ಅದರಿಂದ ಏನು ತಿಳೀತದ?
– ನೇಕಾರರು, ಇಳಕಲ್

ಉತ್ತರ: 2007ರಲ್ಲಿ ಲಿಯಾ ಶುರು ಮಾಡಿದ ಕಂಪನಿ ಲೆಮ್ಲೆಮ್. ಊರಿಗೆ ಹೋದಾಗ ಅಡಿಸ್ ಅಬಾಬಾದ ನೇಕಾರರಿಗೆ ಕೆಲಸವೇ ಇಲ್ಲದ್ದು ಕಂಡು ಹುಟ್ಟಿದ್ದು. ಅಲ್ಲಿ ರೂಢಿಯಿಂದ ಹೆಂಗಸರು ಹತ್ತಿ ನೂಲುತ್ತಾರೆ, ಗಂಡಸರು ಮಗ್ಗಕ್ಕೆ ಕೂರುತ್ತಾರೆ. ಹಳೆಯ ಬಿಳಿ ಬಟ್ಟೆ, ಬಣ್ಣದ ಅಂಚು ಹಾಗೇ ಉಳಿಸಿ, ಹೊರದೇಶದವರು ತೊಡುವ ಅಂಗಿ, ಗೌನು, ಶಾಲು ಮಾಡಿಸಿದಳು. ನೇಯ್ಗೆ ಬದಲಾಗಲಿಲ್ಲ, ಹೊಲಿಗೆ ಮತ್ತು ಮಾರುಕಟ್ಟೆ ಬದಲಾಯಿತು. ನಿಮ್ಮ ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಜೊತೆ ಹೋಲಿಸಿ ನೀವೇ ಯೋಚನೆ ಮಾಡಿ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇದಕ್ಕೂ ಹೆರಿಗೆಗೂ ಸಂಬಂಧ ಇಲ್ಲ ಅನ್ನಿಸಬಹುದು. ಇದೆ. ಕೈಯಲ್ಲಿ ಸ್ವಂತ ದುಡ್ಡಿರುವ ಹೆಂಗಸು ಗಾಡಿ ಬಾಡಿಗೆಗೆ ಯಾರನ್ನೂ ಕಾಯಬೇಕಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಎಂಟು ತಿಂಗಳು. ನಮ್ಮದು ಹೊಸನಗರದ ಹತ್ತಿರ ಒಳಗಿನ ಊರು. ಇದನ್ನೆಲ್ಲ ಓದಿ ಹೆದರಿಕೆಯಾಯಿತು.
– ಓದುಗರು

ಉತ್ತರ: ಹೆದರಬೇಡಿ, ತಯಾರಾಗಿ. 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 69. ಆಶಾ ಕಾರ್ಯಕರ್ತೆಯ ನಂಬರು, 108 ಬಿಟ್ಟು ಇನ್ನೊಂದು ಗಾಡಿಯವರ ನಂಬರು ಈಗಲೇ ಇಟ್ಟುಕೊಳ್ಳಿ. ಯಾವ ಆಸ್ಪತ್ರೆ, ರಕ್ತ ಎಲ್ಲಿ ಸಿಗುತ್ತದೆ ಕೇಳಿಟ್ಟುಕೊಳ್ಳಿ. ತಾಯಿ ಕಾರ್ಡ್ ಕೈಗೆ ಸಿಗುವಂತಿರಲಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ರಕ್ತ ಕಾಣಿಸುವುದು, ಜ್ವರ, ಮಗು ಅಲುಗಾಡುವುದು ಕಮ್ಮಿಯಾಗುವುದು, ಇದರಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಹೊರಡಿ. ಹೆರಿಗೆಯಾದ ಮೇಲೆ ಡಾಕ್ಟರು ಎರಡು ದಿನ ಇರಿ ಅಂದರೆ ಎರಡು ದಿನವೂ ಆಸ್ಪತ್ರೆಯಲ್ಲೇ ಇರಿ, ತೋಟದ ಕೆಲಸಕ್ಕೆ ಯಾರನ್ನಾದರೂ ಹೇಳಿಟ್ಟು ಹೋಗಿ.