ಪ್ರಾಜೆಕ್ಟ್ ನನ್ನದು, ಬರೆದವಳು ನಾನಲ್ಲ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಳ್ಳಾರಿಯ ಹುಡುಗಿ, ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ತಂದೆ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ಮೂರು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದು ತಾಯಿ ಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ತಾಯಿಯ ಅನುಮಾನ ಬೇರೆಯೇ ಇತ್ತು; ಅವರನ್ನು ಹೊರಗೆ ಕೂರಿಸಿದೆ.

“ಮೇಡಂ, ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂದಿದೆ. ಅದರಲ್ಲಿ ಒಂದು ಸಾಲೂ ನನ್ನದಲ್ಲ.”

ಬರೆದದ್ದು ಚಾಟ್‌ಜಿಪಿಟಿ, ಕೇಳಿದರೆ ಕೋಡ್ ಬರೆದುಕೊಡುವ ಎಐ. ಅದು 2022ರ ನವೆಂಬರ್ ಕೊನೆಗೆ ಬಂದಾಗ ಅವಳು ಮೊದಲ ಸೆಮಿಸ್ಟರ್‌ನಲ್ಲಿದ್ದಳು. ಅದಿಲ್ಲದ ಕಾಲದ ಪದವಿ ಓದು ಅವಳಿಗೆ ಗೊತ್ತೇ ಇಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಲಾಗಿನ್ ಪುಟದ ಹೆಸರಿನ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ, ಮುಂದೆ 1=1 ಎಂದಿರುವ ತುಣುಕು ಒತ್ತಿದರು. ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಟ್ಟುಕೊಂಡಿತು. ಏಕೆಂದು ಕೇಳಿದರೆ ಇವಳ ಬಾಯಿಂದ ಮಾತಿಲ್ಲ. ಪರೀಕ್ಷಕರು ಬೈಯಲಿಲ್ಲ, ನಕ್ಕು ಮುಂದೆ ಹೋದರು. ಚುಚ್ಚಿದ್ದು ಆ ನಗು.

ನನಗೆ ಕೋಡ್ ಬರುವುದಿಲ್ಲ. ಚೀಟಿಯ ಹಿಂಬದಿಯಲ್ಲಿ ಬರೆದು ತಿಳಿಸು ಎಂದೆ. ಬಳಕೆದಾರ ಒತ್ತಿದ್ದನ್ನು ಹಾಗೆಯೇ, ಮಾಹಿತಿ ಕೂಡಿಟ್ಟ ಡೇಟಾಬೇಸಿಗೆ ಕೊಡುವ ಆದೇಶಕ್ಕೆ ಅಂಟಿಸಿದರೆ ಅವನ ಮಾತೂ ಆದೇಶವಾಗಿಬಿಡುತ್ತದೆ. ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುತ್ತಾರೆ. ಹಳೆಯ ಮಾದರಿ ಕೋಡ್‌ಗಳಲ್ಲಿರುವ ಈ ತಪ್ಪನ್ನು ಯಂತ್ರವೂ ಕಲಿತಿರುತ್ತದೆ, ಎಂದಳು. ಪರೀಕ್ಷೆ ಮುಗಿದ ರಾತ್ರಿ ತಾನೇ ಓದಿಕೊಂಡಿದ್ದಳಂತೆ. ಕಲಿಯಲಾರದ ಹುಡುಗಿಯಲ್ಲ ಎಂಬುದು ನನಗೆ ಅಲ್ಲೇ ಖಾತ್ರಿಯಾಯಿತು.

“ನಿಮ್ಮಪ್ಪ ಕತ್ತರಿ ಹಿಡಿದು ಕತ್ತರಿಸುತ್ತಾರೆಯೇ?”

“ಇಲ್ಲ ಮೇಡಂ, ಮೆಷಿನ್. ಹತ್ತಾರು ಪದರ ಒಟ್ಟಿಗೆ.”

“ಮಾರ್ಕಿಂಗ್ ತಪ್ಪಿದರೆ?”

“ಅಪ್ಪನ ಸಂಬಳದಲ್ಲಿ ಹಿಡಿಯುತ್ತಾರೆ.” ಮೊದಲ ಬಾರಿಗೆ ನಕ್ಕಳು.

ಯಂತ್ರ ಬಳಸಿದ್ದಕ್ಕೆ ನಾಚಬೇಡ, ವಿವರಿಸಲಾಗದ್ದಕ್ಕೆ ಸಹಿ ಹಾಕಿದ್ದು ತಪ್ಪು ಎಂದೆ. ಪ್ರಾಜೆಕ್ಟಿನ ಗೈಡ್ ಬಳಿ ನಡೆದದ್ದನ್ನು ಹೇಳು. ಅಂಕ ಹೋಗಬಹುದು, ಹೋಗದೆಂಬ ಭರವಸೆ ನಾನು ಕೊಡಲಾರೆ. ಲಾಗಿನ್ ಭಾಗವನ್ನು ಮೊಬೈಲ್ ಬದಿಗಿಟ್ಟು ಕಾಗದದ ಮೇಲೆ ನೀನೇ ಬರೆ, ಮೂರು ದಿನ ಹಿಡಿದರೂ ಸರಿ. ಆಮೇಲೆ ಬೇಕಾದರೆ ತಪ್ಪು ಹುಡುಕಲು ಯಂತ್ರಕ್ಕೆ ಕೊಡು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡು. ಮುಂದೆ ಕೆಲಸ ಸಿಗುತ್ತದೆಯೇ ಎಂದೂ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇರುವಂತೆ ನಟಿಸಲೂ ಇಲ್ಲ.

ಹತ್ತು ದಿನದ ಮೇಲೆ ಗೆರೆಪುಸ್ತಕ ಹಿಡಿದು ಬಂದಳು. ಆದೇಶದ ಸಾಲಿನಲ್ಲಿ ಹೆಸರಿರಬೇಕಾದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬಳಕೆದಾರ ಒತ್ತಿದ ಹೆಸರನ್ನು ಬೇರೆಯಾಗಿ ಕಳಿಸುವುದಂತೆ, ಆಗ ಅದು ಆದೇಶವಾಗುವುದಿಲ್ಲ. ಗೈಡ್‌ಗೆ ಹೇಳಿಯಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಭಾಗವನ್ನು ಮತ್ತೆ ಬರೆದು ತರಲು ಹೇಳಿದ್ದರಂತೆ. ಅಂಕದ ಮಾತು ಇನ್ನೂ ಬಂದಿಲ್ಲ. ನಿದ್ದೆ ಎರಡು ರಾತ್ರಿ ಬಂದಿದೆ, ಮೂರನೆಯ ರಾತ್ರಿ ಬರಲಿಲ್ಲ.